ಎರಡು ತಟ್ಟೆ, ಇಬ್ಬರು ಗೆಳೆಯರು

ಕಳೆದ ವಾರ ಪರೀಕ್ಷೆಯ ಮೇಲ್ವಿಚಾರಣೆಗೆಂದು ಪೋತ್ನಾಳಕ್ಕೆ ಹೋಗಬೇಕಾಗಿತ್ತು. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಬಸ್ಸು ನಿಂತಿತು. ಮುಂದೆ ಅಕ್ಕಿ ಚೀಲ ಹೇರಿದ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡವಾಗಿತ್ತು. ಮಾಡಲು ಬೇರೇನೂ ಇಲ್ಲದೆ ಕಿಟಕಿಯಾಚೆ ನೋಡುತ್ತ ಕುಳಿತೆ. ಹಾಲುಗಾಳು ಕಟ್ಟುತ್ತಿದ್ದ ಭತ್ತದ ಮೇಲೆ ಯಾರೋ ದಾರ ಎಳೆದು, ಹಕ್ಕಿ ಬೆದರಿಸಲು ಹಳೆಯ ಡಿಸ್ಕುಗಳನ್ನು ಇಳಿಬಿಟ್ಟಿದ್ದರು. ಗಾಳಿಗೆ ಅವು ತಿರುಗಿದಾಗಲೆಲ್ಲ ಹೊಳಪು ಬಂದು ಕಣ್ಣಿಗೆ ಹೊಡೆಯುತ್ತಿತ್ತು. ಗುಬ್ಬಿಗಳು ಹೆದರಿದಂತೇನೂ ಕಾಣಲಿಲ್ಲ. ಒಂದು ಆ ದಾರದ ಮೇಲೆಯೇ ಕುಳಿತು ರೆಕ್ಕೆ ಕೆದರಿಕೊಳ್ಳುತ್ತಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳು, "ಯಾರ್ಯಾರ ಮದುವಿವೋ ಏನೋ ನೋಡ್ರಿ" ಎಂದಳು. ನಗಬೇಕಾದ ಮಾತು. ನನಗೆ ನಗು ಬರಲಿಲ್ಲ.

ನಿಮ್ಮ ಮನೆಯಲ್ಲೂ ಇದ್ದೀತು ಅಂಥದೊಂದು ಡಿಸ್ಕು. ಮೇಲೆ ವಧೂವರರ ಫೋಟೊ, ಸುತ್ತ ಗುಲಾಬಿ ಹೂವಿನ ಅಚ್ಚು. ಟ್ರಂಕಿನಲ್ಲೋ, ದೇವರ ಫೋಟೊದ ಹಿಂದೋ ಇರುತ್ತದೆ. ಅದನ್ನು ಓಡಿಸುವ ಯಂತ್ರ ಮಾತ್ರ ಎಂದೋ ಗುಜರಿಗೆ ಹೋಗಿರುತ್ತದೆ. ಬಿಸಾಡಲು ಮನಸ್ಸು ಬಾರದು, ಇಟ್ಟುಕೊಂಡು ಉಪಯೋಗವಿಲ್ಲ. ನಮ್ಮ ಮನೆಯಲ್ಲಿ ಈ ಡಿಸ್ಕುಗಳ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ನಮ್ಮಣ್ಣ ಹನುಮೇಶ ಎದ್ದು ಹೊರಗೆ ಹೋಗುತ್ತಾನೆ.

ನಾವು ದೇವದುರ್ಗದವರು. ಅಪ್ಪ ಕಾಲುವೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಊರೂರು ಅಲೆದು ನಮ್ಮಿಬ್ಬರನ್ನು ಓದಿಸಿದ. ನಾನು ಓದಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರ್ ಆದೆ. ಅಣ್ಣ ರಾಯಚೂರಿನ ಐಟಿಐ ಸೇರಿದ. ಅಲ್ಲಿ ಅವನ ಬೆಂಚಿನಲ್ಲಿ ಕುಳಿತವನು ಮಾನ್ವಿಯ ವಿರುಪಾಕ್ಷಿ. ವಿರುಪಾಕ್ಷಿಯದು ಅಕ್ಕಿ ಗಿರಣಿಯ ಮನೆತನ. ಅವನ ತಂದೆಯನ್ನು ಊರೆಲ್ಲ ಸಾವ್ಕಾರ್ರು ಎಂದೇ ಕರೆಯುತ್ತಿತ್ತು. ಹಣೆ ತುಂಬ ವಿಭೂತಿ, ಕಡಿಮೆ ಮಾತು. ಗಿರಣಿಯ ತೌಡಿನ ಧೂಳಿನಲ್ಲಿ ಕೂರಲಾರದ ಮಗ, ಕೂಲಿಯವನ ಮಗನ ಜೊತೆ ಸೇರಿ ಕ್ಯಾಮೆರಾದ ಹಿಂದೆ ಬಿದ್ದ. ಕಲಿಕೆ ಮುಗಿದ ಮೇಲೆ ಇಬ್ಬರೂ ಸೇರಿ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯೊಂದರಲ್ಲಿ ಮದುವೆಯ ವಿಡಿಯೊ ತೆಗೆಯುವ ಅಂಗಡಿ ಹಾಕಿದರು. ಬಂಡವಾಳ ಗಿರಣಿಯದು, ಕೈಚಳಕ ಅಣ್ಣನದು ಎಂದು ಜನ ಹೇಳುತ್ತಿದ್ದರು. ಆ ಮಾತು ಪೂರ್ತಿ ನಿಜವಲ್ಲ. ವಿರುಪಾಕ್ಷಿಯೂ ಚೆನ್ನಾಗಿ ತೆಗೆಯುತ್ತಿದ್ದ. ಹೆಂಗಸರ ಮುಖದ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಸರಿಯಬೇಕು ಎಂಬುದು ಅವನಿಗೇ ಹೆಚ್ಚು ತಿಳಿಯುತ್ತಿತ್ತು.

ಅವರಿಬ್ಬರ ಸ್ನೇಹ ಎಂಥದಿತ್ತು ಎಂದು ಹೇಳಲು ಮಟಮಾರಿ ಎಂಬ ಊರಿನ ಮದುವೆಯೊಂದೇ ಸಾಕು. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತಂತೆ. ವಿರುಪಾಕ್ಷಿ ಓಡಿಹೋಗಿ ಯಾರದೋ ಟ್ರ್ಯಾಕ್ಟರನ್ನು ಹಂದರದ ಎದುರಿಗೇ ತಂದು ನಿಲ್ಲಿಸಿ ಅದರ ದೀಪ ಹಾಕಿದ. ಆ ಬೆಳಕಿನಲ್ಲೇ ಅಣ್ಣ ಮದುವೆ ತೆಗೆದ. ಇದು ಎಲ್ಲರಿಗೂ ಗೊತ್ತಿದ್ದ ಕತೆ. ಗೊತ್ತಿಲ್ಲದ್ದು ಊಟದ ಹೊತ್ತಿನದು. ಪಂಕ್ತಿಯಲ್ಲಿ ಕೂರಲು ಹೋದ ಅಣ್ಣನಿಗೆ ಒಬ್ಬ ಹಿರಿಯರು, "ನೀನು ಆಕಡಿ ಕಟ್ಟಿ ಮ್ಯಾಲ ಕುಂದುರಪ, ಅಲ್ಲೇ ಕಳಿಸ್ತೀವಿ" ಎಂದರು. ಅಣ್ಣ ಹೋಗಿ ಕಟ್ಟೆಯ ಮೇಲೆ ಕುಳಿತ. ವಿರುಪಾಕ್ಷಿಯ ಮುಂದೆ ಆಗಲೇ ಎಲೆ ಹಾಕಿ ಬಡಿಸಿದ್ದರು. ಅವನು ಬಡಿಸಿದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಅಣ್ಣನ ಪಕ್ಕ ಕುಳಿತು ಉಂಡ. ಯಾರಿಗೂ ಏನೂ ಹೇಳಲಿಲ್ಲ. ಇದನ್ನು ಅಣ್ಣ ನಮ್ಮ ಯವ್ವನಿಗೆ ಹೇಳುವಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಯವ್ವ, "ಆ ಹುಡುಗನ್ನ ಒಂದಿನ ಮನಿಗೆ ಕರಕೊಂಡು ಬಾ" ಎಂದಳು. ಅವನು ಬಂದ. ಆಮೇಲೆ ಬರುತ್ತಲೇ ಇದ್ದ.

ಮದುವೆಗಳು ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಡಿವಿಡಿಗೆ ಬಂದವು. ಅಂಗಡಿಯೂ ಅದರ ಜೊತೆ ಬೆಳೆಯಿತು. ಆಗ ಡಿವಿಡಿಯ ಮುಂದೇನು ಎಂದು ಹೊರದೇಶದ ದೊಡ್ಡ ಕಂಪನಿಗಳು ಎರಡು ಗುಂಪಾಗಿ ಹೊಡೆದಾಡುತ್ತಿದ್ದವು. ಒಂದು ಗುಂಪಿನದು ಬ್ಲೂ-ರೇ, ಇನ್ನೊಂದರದು ಎಚ್‌ಡಿ ಡಿವಿಡಿ. ಎರಡೂ ಒಂದೇ ಅಳತೆಯ ತಟ್ಟೆಗಳು. ಎರಡನ್ನೂ ಓದುವುದು ಒಂದೇ ಬಗೆಯ ನೀಲಿ ಬೆಳಕು. ಆದರೆ ಒಂದರ ಯಂತ್ರದಲ್ಲಿ ಇನ್ನೊಂದು ಓಡುವುದಿಲ್ಲ. ಹೀಗೇಕೆ ಎಂದು ನಾನು ಅಣ್ಣನನ್ನು ಕೇಳಿದ್ದೆ. ಒಂದೇ ಓಣಿಯ ಎರಡು ಮನೆಗಳಲ್ಲಿ ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯದ ಹಾಗೆ ಎಂದು ಹೇಳಿದ. ವಿಜ್ಞಾನದ ಟೀಚರಾದ ನನಗೆ ಅದಕ್ಕಿಂತ ಒಳ್ಳೆಯ ವಿವರಣೆ ಇವತ್ತಿಗೂ ಸಿಕ್ಕಿಲ್ಲ.

ಅಂಗಡಿಗೆ ಯಾವುದನ್ನು ತರಬೇಕು ಎಂಬುದರ ಮೇಲೆ ಗೆಳೆಯರಲ್ಲಿ ವಾದ ಹತ್ತಿಕೊಂಡಿತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತ ನಮ್ಮ ಮನೆಯ ಪಡಸಾಲೆಯಲ್ಲೇ ಎಷ್ಟೋ ಸಲ ಈ ವಾದ ನಡೆದಿದೆ. ಬ್ಲೂ-ರೇ ತಟ್ಟೆಯಲ್ಲಿ ಜಾಗ ಹೆಚ್ಚು. ಅರಿಶಿಣದಿಂದ ಬೀಗರ ಊಟದವರೆಗೆ ಮದುವೆಯ ಬಹುಪಾಲು ಒಂದರಲ್ಲೇ ಹಿಡಿಯುತ್ತಿತ್ತು. ಆದರೆ ಖಾಲಿ ತಟ್ಟೆ ತುಟ್ಟಿ, ಬರೆಯುವ ಯಂತ್ರ ಇನ್ನೂ ತುಟ್ಟಿ. ಎಚ್‌ಡಿ ಡಿವಿಡಿಯಲ್ಲಿ ಜಾಗ ಕಡಿಮೆ, ಆದರೆ ಪ್ಲೇಯರು ಅಗ್ಗ. ಹೊರದೇಶದಿಂದ ಬಂದವರು ತಂದ ಡಿಸ್ಕು ಅದರಲ್ಲಿ ತಕರಾರಿಲ್ಲದೆ ಓಡುತ್ತಿತ್ತು. ಬ್ಲೂ-ರೇಗೆ ಒಂದೊಂದು ಸೀಮೆಗೆ ಒಂದೊಂದು ಬೀಗ; ಒಂದು ಸೀಮೆಯ ಡಿಸ್ಕು ಇನ್ನೊಂದು ಸೀಮೆಯ ಯಂತ್ರದಲ್ಲಿ ಓಡದು. ಅಣ್ಣನಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ಸಾದಾ ಖಾಲಿ ಡಿವಿಡಿಯ ಮೇಲೆಯೇ ಸಣ್ಣ ಚಿತ್ರವೊಂದನ್ನು ಎಚ್‌ಡಿ ಡಿವಿಡಿಯ ಕ್ರಮದಲ್ಲಿ ಬರೆದರೆ, ಆ ಪ್ಲೇಯರು ಅದನ್ನು ಪೂರ್ತಿ ಸ್ಪಷ್ಟವಾಗಿ ತೋರಿಸುತ್ತಿತ್ತು.

"ನಮ್ಮ ಗಿರಾಕಿ ಯಾರದಾರ ನೋಡು," ಎನ್ನುತ್ತಿದ್ದ ಅಣ್ಣ. "ಸಾದಾ ಡಿವಿಡಿನಾಗ ಆಗೋ ಕೆಲಸಕ್ಕ ಆ ತುಟ್ಟಿ ತಟ್ಟಿ ಯಾಕ ಬೇಕು?"

"ಇವತ್ತಿಂದು ನೋಡಬ್ಯಾಡ ದೋಸ್ತ," ಎನ್ನುತ್ತಿದ್ದ ಬ್ಲೂ-ರೇ ಕಡೆಯವನಾದ ವಿರುಪಾಕ್ಷಿ. "ಸಿನಿಮಾ ಕಂಪನಿ ಯಾರ ಕಡಿ ಹೆಚ್ಚದಾವ, ಗೆಲ್ಲೋದು ಅವ್ರೇ."

"ಅಂದ್ರ ಚಲೋದು ಗೆಲ್ಲಂಗಿಲ್ಲೇನು?"

"ಎರಡರಾಗೂ ಪಿಚ್ಚರ್ ಒಂದೇ ಅದ. ಚಲೋದು ಯಾವುದು, ಕೆಟ್ಟದು ಯಾವುದು?"

ಅಣ್ಣ ಹಸಿಮೆಣಸಿನಕಾಯಿ ಕಚ್ಚಿ ನೀರು ಕುಡಿಯುತ್ತಿದ್ದ. ಆಗ ಇದೆಲ್ಲ ನಮಗೆ ತಮಾಷೆ. ಯವ್ವ ಒಳಗಿನಿಂದಲೇ, "ತಟ್ಟಿ ಸಲುವಾಗಿ ಜಗಳ ಮಾಡೋರನ್ನ ನಮ್ಮ ಕಾಲದಾಗ ಉಂಬಾಕ ಇಲ್ಲದೋರು ಅಂತಿದ್ರು" ಎಂದು ಚುಡಾಯಿಸುತ್ತಿದ್ದಳು.

ಅಂಥ ಹೊತ್ತಿನಲ್ಲಿ ನನ್ನ ಮದುವೆ ಆಯಿತು. ದೇವದುರ್ಗದಲ್ಲಿ, ಬುದ್ಧನ ಪಟದ ಮುಂದೆ, ಬಿಳಿ ಸೀರೆಯಲ್ಲಿ. ಹೊಸ ಎಚ್‌ಡಿ ಕ್ಯಾಮೆರಾದಲ್ಲಿ ತೆಗೆದ ಮೊದಲ ಮದುವೆ ಅದೇ. ನನ್ನ ಮೇಲಿನ ಪ್ರೀತಿಯಿಂದ ತೆಗೆದರು ಎಂದು ಆಗ ತಿಳಿದಿದ್ದೆ. ಪ್ರಯೋಗಕ್ಕೆ ಕಪ್ಪೆ ಬೇಕಾಗಿತ್ತು, ಮನೆಯಲ್ಲೇ ಸಿಕ್ಕಿತು ಎಂಬುದು ಆಮೇಲೆ ಹೊಳೆಯಿತು. ಆ ಕ್ಯಾಮೆರಾ ಯಾರಿಗೂ ದಯೆ ತೋರಿಸುವಂಥದಲ್ಲ. ನನ್ನ ಮೂಗಿನ ಮೇಲಿನ ಬೆವರ ಹನಿ, ಪೌಡರು ಕಿವಿಯ ಹತ್ತಿರ ಮುಗಿದುಹೋದ ಗೆರೆ, ಎಲ್ಲವೂ ಎಣಿಸಬಹುದಾದಷ್ಟು ಸ್ಪಷ್ಟ. ಅಪ್ಪ ತನ್ನ ಮುಖವನ್ನೇ ನೋಡಿ, "ಇಷ್ಟು ಸಾಫ್ ಯಾಕ ಬೇಕಪಾ? ನನ್ನ ಮಾರಿ ಮ್ಯಾಲಿನ ಸುಕ್ಕು ನನಗ ಗೊತ್ತಿಲ್ಲೇನು?" ಎಂದ.

ಹೊಸ ಯಂತ್ರ ಕೊಳ್ಳಲು ಗಿರಣಿಯ ಒಪ್ಪಿಗೆ ಬೇಕಿತ್ತು. ಹಾಗಾಗಿ ಒಂದು ಭಾನುವಾರ ಮಾನ್ವಿಯ ಗಿರಣಿಯ ಗೋದಾಮಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದೆಂದಾಯಿತು. ದುಬೈನಿಂದ ಬಂದ ಪರಿಚಯದವರೊಬ್ಬರು ಎರಡೂ ಬಗೆಯ ಪ್ಲೇಯರು ತಂದುಕೊಟ್ಟಿದ್ದರು. ಬ್ಲೂ-ರೇ ತಟ್ಟೆಯನ್ನು ಹೈದರಾಬಾದಿನಲ್ಲಿ ಬರೆಸಿ ತಂದರು; ಎಚ್‌ಡಿ ಡಿವಿಡಿಯನ್ನು ಅಣ್ಣ ತಾನೇ ಮಾಡಿದ. ಎರಡು ದೊಡ್ಡ ಟಿವಿ, ಎರಡರಲ್ಲೂ ನನ್ನದೇ ಮದುವೆ. ಮಾನ್ವಿಯ ವರ್ತಕರು, ಹಮಾಲರು, ಓಣಿಯವರು, ನಮ್ಮ ಅಪ್ಪ, ನಾನು, ನನ್ನ ಗಂಡ, ಎಲ್ಲ ಅಕ್ಕಿ ಚೀಲಗಳ ಮೇಲೆ ಕುಳಿತೆವು. ಗೊತ್ತಿಲ್ಲದ ಊರಿನ ಇಷ್ಟೊಂದು ಜನ ನನ್ನ ಬೆವರನ್ನು ಎರಡೆರಡು ಸಲ ನೋಡುತ್ತಿದ್ದರೆ ನಾನು ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದೆ.

ಎಲ್ಲರೂ ಎಡಗಡೆಯದೇ ಚಲೋ ಅದ ಎಂದರು. ಎಡಗಡೆ ಇದ್ದದ್ದು ಅಣ್ಣನದು. ವಿರುಪಾಕ್ಷಿ ನಕ್ಕು, ಪ್ಲೇಯರುಗಳ ವಯರು ಅದಲು ಬದಲು ಮಾಡಿದ. ಆಗಲೂ ಎಲ್ಲರೂ ಎಡಗಡೆಯದೇ ಚಲೋ ಎಂದರು. ಎಡಗಡೆಯ ಟಿವಿಯ ಬೆಳಕು ಸ್ವಲ್ಪ ಹೆಚ್ಚಿತ್ತು, ಅಷ್ಟೆ. ಗೆಳೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಬ್ಬರು ಕೂಡಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಷ್ಟರಲ್ಲಿ ಸಾವ್ಕಾರರು ಬಂದರು. ಕುಳಿತವರೆಲ್ಲ ಎದ್ದು ನಿಂತರು. ಅವರು ಟಿವಿಯ ಕಡೆ ಸರಿಯಾಗಿ ನೋಡಲೂ ಇಲ್ಲ.

"ಇದರಾಗ ನಮ್ಮ ವಿರುಪಾಕ್ಷಿದು ಯಾವುದು?" ಎಂದು ಕೇಳಿದರು.

ಅಣ್ಣ ವಯರನ್ನು ಮತ್ತೆ ಮೊದಲಿನಂತೆ ಸೇರಿಸಿದ್ದ. ಯಾರೋ ಬಲಗಡೆಯ ಟಿವಿ ತೋರಿಸಿದರು.

"ಹಂಗಾರ ಅದೇ ಚಲೋ ಅದ," ಎಂದರು ಸಾವ್ಕಾರರು. ಆಮೇಲೆ ಅಣ್ಣನ ಕಡೆ ತಿರುಗಿ, ಗದರಿಸುವ ದನಿಯಲ್ಲೂ ಅಲ್ಲ, ತೀರ ಸಹಜವಾಗಿ, "ಕೆಲಸ ಮಾಡೋನು ಕೆಲಸ ಮಾಡಬೇಕಪಾ. ಯಾವುದು ತರಬೇಕು ಅನ್ನೋದು ನಾವು ನೋಡ್ತೀವಿ" ಎಂದರು.

ಈಗ ತಾನೇ ಎಡಗಡೆಯದು ಚಲೋ ಎಂದವರೆಲ್ಲ ಬಲಗಡೆಗೆ ತಿರುಗಿದರು. "ಖರೇ ನೋಡ್ರಿ, ಇದರಾಗ ಬಣ್ಣ ಎದ್ದು ಕಾಣಾಕತ್ಯಾವ" ಎಂದ ಒಬ್ಬ. ಅಣ್ಣ ವಿರುಪಾಕ್ಷಿಯ ಮುಖ ನೋಡಿದ. ನಾನೂ ನೋಡಿದೆ. ಅಂಗಡಿ ಇಬ್ಬರದೂ ಸಮಪಾಲಿನದು ಎಂದು ಅವನು ಹೇಳಬಹುದಿತ್ತು. ಎರಡೂ ಒಂದೇ ಎಂದಾದರೂ ಹೇಳಬಹುದಿತ್ತು. ವಿರುಪಾಕ್ಷಿ ತಲೆ ತಗ್ಗಿಸಿ ರಿಮೋಟಿನ ಬ್ಯಾಟರಿ ಮುಚ್ಚಳ ತೆಗೆದು ಹಾಕುತ್ತ ನಿಂತಿದ್ದ. ಅಣ್ಣ ತನ್ನ ಪ್ಲೇಯರಿನ ವಯರು ಕಿತ್ತು, ಸುತ್ತಿ, ಡಬ್ಬಿಯಲ್ಲಿಟ್ಟುಕೊಂಡ. ಅಪ್ಪನ ಕೈ ಹಿಡಿದು ಹೊರಗೆ ನಡೆದ.

ಬಸ್ಸು ಹತ್ತಿದ ಮೇಲೆ ಅಪ್ಪ, "ಆ ಹುಡುಗನದು ತಪ್ಪಿಲ್ಲ ಬಿಡಪ್ಪ, ಅಪ್ಪನ ಮುಂದ ಯಾರು ಮಾತಾಡ್ತಾರ?" ಎಂದ. ಅಣ್ಣ, "ನಾನು ಮಾತಾಡ್ತಿದ್ದೆ" ಎಂದ.

ಪಾಲು ಮುರಿಯಿತು. ಅಣ್ಣ ದೇವದುರ್ಗದ ಬಸ್ ಸ್ಟ್ಯಾಂಡ್ ಎದುರಿಗೆ ತನ್ನದೇ ಅಂಗಡಿ ಹಾಕಿ, "ಇಲ್ಲಿ ಮದುವೆಗಳನ್ನು ಎಚ್‌ಡಿ ಡಿವಿಡಿಯಲ್ಲಿ ಮಾಡಿಕೊಡಲಾಗುತ್ತದೆ" ಎಂದು ಬೋರ್ಡು ಬರೆಸಿದ. ಬಣ್ಣದ ವಾಸನೆ ಆರುವ ಮೊದಲೇ ಎನ್ನಬಹುದು, ಹೊರದೇಶದ ದೊಡ್ಡ ಸಿನಿಮಾ ಕಂಪನಿಯೊಂದು ಬ್ಲೂ-ರೇ ಕಡೆ ವಾಲಿತು. ಅದಾಗಿ ಸ್ವಲ್ಪ ದಿನಕ್ಕೆ ಎಚ್‌ಡಿ ಡಿವಿಡಿಯವರು ತಾವು ಇನ್ನು ಅದನ್ನು ಮಾಡುವುದಿಲ್ಲ ಎಂದು ಸಾರಿಬಿಟ್ಟರು. ಹೈದರಾಬಾದಿನ ವ್ಯಾಪಾರಿ ಫೋನು ಮಾಡಿ ಹೇಳಿದನಂತೆ. ನಾನು ತವರಿಗೆ ಬಂದಾಗ ಅಣ್ಣ ಅಂಗಡಿಯ ಮುಂದೆ ಏಣಿ ಹಾಕಿಕೊಂಡು, ತಾನೇ ಬೋರ್ಡಿನ ಮೇಲೆ ಬಣ್ಣ ಬಳಿಯುತ್ತಿದ್ದ. "ಎಚ್‌ಡಿ" ಹೋಯಿತು, "ಡಿವಿಡಿ" ಉಳಿಯಿತು. ನಡುವೆ ಒಂದು ಬಿಳಿಯ ತೇಪೆ. ದೇವದುರ್ಗದ ಜನಕ್ಕೆ ಏನಳಿಸಿದ, ಯಾಕಳಿಸಿದ ಎಂದು ತಿಳಿಯಲೇ ಇಲ್ಲ. ಸೋತದ್ದು ಅವನಿಗೊಬ್ಬನಿಗೇ ಗೊತ್ತಿದ್ದ ಸೋಲು. ಅಂಥ ಸೋಲಿಗೆ ಸಮಾಧಾನ ಹೇಳಲು ಯಾರೂ ಬರುವುದಿಲ್ಲ.

ವಿರುಪಾಕ್ಷಿ ಬರಬಹುದು ಎಂದು ಅಣ್ಣ ಕಾಯ್ದ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾನ್ವಿ ಬಸ್ಸು ಬಂದಾಗಲೆಲ್ಲ ಅಂಗಡಿಯ ಬಾಗಿಲಿಗೆ ಬರುತ್ತಿದ್ದುದನ್ನು ಯವ್ವ ಗಮನಿಸಿದ್ದಳು. ಅವನು ಬರಲಿಲ್ಲ, ಫೋನೂ ಮಾಡಲಿಲ್ಲ. ಗೆದ್ದವನ ಕತೆಯೇನೂ ಬೇರೆಯಾಗಲಿಲ್ಲ. ರಾಯಚೂರಿನಲ್ಲಿ ಬ್ಲೂ-ರೇ ಪ್ಲೇಯರು ಇದ್ದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಗಿರಾಕಿಗಳು ಹೊಳೆಯುವ ಡಬ್ಬಿಯನ್ನು ಶೋಕೇಸಿನಲ್ಲಿಟ್ಟು, ನೋಡಲಿಕ್ಕೆ ಸಾದಾ ಡಿವಿಡಿ ಕೊಡ್ರಿ ಎನ್ನುತ್ತಿದ್ದರು. ಆಮೇಲೆ ಅದೂ ಬೇಡವಾಗಿ ಪೆನ್‌ಡ್ರೈವ್ ಬಂತು. ತೀನ್ ಕಂದೀಲ್ ಗಲ್ಲಿಯ ಅಂಗಡಿಗೆ ಬೀಗ ಬಿತ್ತು. ವಿರುಪಾಕ್ಷಿ ಗಿರಣಿಗೆ ಮರಳಿದ. ಅಣ್ಣ ಅಂಗಡಿ, ಮನೆಗಳಿಗೆ ಸಿಸಿ ಕ್ಯಾಮೆರಾ ಕೂರಿಸುವ ಕೆಲಸ ಹಿಡಿದ. ಯಾರೂ ನಗದ, ಯಾರೂ ಸಿಂಗರಿಸಿಕೊಳ್ಳದ ಚಿತ್ರಗಳು.

ವರ್ಷಗಳು ಹೋದವು. ಅಪ್ಪ ಹೋದ, ಸಾವ್ಕಾರರೂ ಹೋದರು. ಹೋದ ವರ್ಷ ರಾಯಚೂರಿನ ಕಣ್ಣಾಸ್ಪತ್ರೆಯೊಂದರಲ್ಲಿ ಕನ್ನಡಕ ಬದಲಿಸಲು ಕುಳಿತಿದ್ದಾಗ, ಎದುರಿನ ಬೆಂಚಿನಲ್ಲಿ ವಿರುಪಾಕ್ಷಿಯ ಹೆಂಡತಿ ಶರಣಮ್ಮ ಕಂಡಳು. ಪಕ್ಕದಲ್ಲಿ ಅವಳ ಮೊಣಕೈ ಹಿಡಿದುಕೊಂಡು ವಿರುಪಾಕ್ಷಿ. ನಾನು ಎದುರಿಗೇ ನಿಂತೆ. ಅವನ ಕಣ್ಣು ನನ್ನನ್ನು ದಾಟಿ ಗೋಡೆ ನೋಡುತ್ತಿತ್ತು. ಶರಣಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಸಕ್ಕರಿ ಬ್ಯಾನಿ ಕಣ್ಣಿಗೆ ಇಳದದ ಅಕ್ಕಾ. ಒಂದು ಪೂರಾ ಹೋಗ್ಯದ. ಇನ್ನೊಂದರಾಗ ಬೆಳಕು ಅಷ್ಟೇ ಕಾಣತದ" ಎಂದಳು.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು, "ಭಾನುವಾರ ಬಿಡುವು ಅದೇನು ನಿನಗ?" ಎಂದ.

ಮಾನ್ವಿಯ ಆ ಮನೆಯ ಹೊಸ್ತಿಲನ್ನು ನಾವಿಬ್ಬರೂ ಮೊದಲ ಸಲ ದಾಟಿದೆವು. ಹಿಂದೆಲ್ಲ ಗೋದಾಮಿನವರೆಗೆ ಮಾತ್ರ. ವಿರುಪಾಕ್ಷಿ ಮಂಚದ ಮೇಲಿದ್ದ. ಅಣ್ಣ ಕೆಮ್ಮಿದ, ಅಷ್ಟೇ.

"ಹನುಮೇಶ, ಬಂದೇನು? ಕುಂದುರು" ಎಂದ ವಿರುಪಾಕ್ಷಿ.

ಕಾಲುವೆಯ ನೀರಿನ ಮಾತಾಯಿತು, ಮಕ್ಕಳ ಮಾತಾಯಿತು. ಶರಣಮ್ಮ ಚಹಾ ತಂದಳು. ವಿರುಪಾಕ್ಷಿ ಬಟ್ಟಲಿಗಾಗಿ ಕೈ ಚಾಚಿ ಗಾಳಿಯಲ್ಲಿ ತಡವರಿಸಿದ. ಅಣ್ಣ ಅವನ ಕೈ ಹಿಡಿದು ಬಟ್ಟಲು ಕೊಟ್ಟ. ಕೈ ಬಿಡುವ ಮೊದಲು ವಿರುಪಾಕ್ಷಿ ಹೇಳಿದ:

"ಅವತ್ತು ನಾನು ಮಾತಾಡಬೇಕಿತ್ತು."

ಹೋಗಲಿ ಬಿಡು ಎಂದು ಅಣ್ಣ ಹೇಳುತ್ತಾನೆ ಅಂದುಕೊಂಡೆ. ನಾವೆಲ್ಲ ಹಾಗೇ ಹೇಳುವವರು.

"ಹೌದು," ಎಂದ ಅಣ್ಣ. "ಮಾತಾಡಬೇಕಿತ್ತು."

ವಿರುಪಾಕ್ಷಿ ತಲೆಯಾಡಿಸಿದ. ಇಬ್ಬರೂ ಚಹಾ ಕುಡಿದರು. ಅವರ ನಡುವಿನ ವರ್ಷಗಳ ಲೆಕ್ಕ ಅಷ್ಟಕ್ಕೆ ತೀರಿತೋ, ತೀರಲಿಲ್ಲವೋ, ನನಗೆ ತಿಳಿಯದು. ಅಣ್ಣ ಮುಂದಿನ ಭಾನುವಾರ ತಾನೊಬ್ಬನೇ ಹೋದ. ಆಮೇಲೂ ಹೋಗುತ್ತಿದ್ದ. ಕಾಲುವೆ ದಂಡೆಯವರೆಗೆ ಅವನನ್ನು ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದನಂತೆ. ದಾರಿಯಲ್ಲಿ ಕಂಡದ್ದನ್ನು ಅಣ್ಣ ಹೇಳಬೇಕು. ತಪ್ಪಾಗಿ ಹೇಳಿದರೆ ಕುರುಡನೇ ತಿದ್ದುತ್ತಿದ್ದ. "ಈ ಹೊತ್ತಿಗೆ ಬೆಳಕು ಆಕಡಿಂದ ಬೀಳಂಗಿಲ್ಲ, ಸುಳ್ಳು ಹೇಳಬ್ಯಾಡ" ಎನ್ನುತ್ತಿದ್ದನಂತೆ. ಇದನ್ನು ಹೇಳುವಾಗ ಅಣ್ಣನ ಮುಖದಲ್ಲಿ ಹಳೆಯ ಗೆಲುವು ಕಂಡು, ಇದು ಬಹಳ ದಿನ ನಡೆಯುವುದಿಲ್ಲ ಎಂದು ನನಗೆ ಒಳಗೇ ಹೆದರಿಕೆಯಾಗಿತ್ತು.

ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ವಿರುಪಾಕ್ಷಿ ಏಳಲಿಲ್ಲ. ಅವನ ಮಗಳು ಹೈದರಾಬಾದಿನಲ್ಲಿ ಹಸಿ ಬಾಣಂತಿ, ಬರುವ ಸ್ಥಿತಿಯಲ್ಲಿರಲಿಲ್ಲ. ಶವವನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ ಹೊರಡಿಸುವ ಹೊತ್ತಿಗೆ ಶರಣಮ್ಮ ಅಣ್ಣನ ಹತ್ತಿರ ಬಂದಳು.

"ಮಗಳಿಗೆ ತೋರಿಸಬೇಕು, ಹನುಮೇಶಣ್ಣ. ಬ್ಯಾರೆ ಯಾರಿಗೂ ಹೇಳಂಗಿಲ್ಲ. ನೀವೇ ತಗೀರಿ."

ಅಣ್ಣ ಜೇಬಿನಿಂದ ಫೋನು ತೆಗೆದ. ಮನೆಯಿಂದ ಸಮಾಧಿಯ ಗುಂಡಿಯವರೆಗೆ, ಜಂಗಮರ, ಬಂಧುಗಳ ನಡುವೆ, ಎಲ್ಲರಿಗಿಂತ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ನಡೆದ. ಯಾರೂ ಅವನನ್ನು ಪಕ್ಕಕ್ಕೆ ಸರಿ ಎನ್ನಲಿಲ್ಲ. ಅಂದು ಸಂಜೆಯೇ ಅದನ್ನು ಮಗಳಿಗೆ ಕಳಿಸಿದ.

ಪೋತ್ನಾಳದಿಂದ ನಾನು ಮರಳಿ ಬಂದ ಸಂಜೆ ಅಣ್ಣ ರಾಯಚೂರಿನ ನಮ್ಮ ಮನೆಗೆ ಬಂದಿದ್ದ. ಗದ್ದೆಯಲ್ಲಿ ಕಂಡದ್ದನ್ನು ನಾನು ಅವನಿಗೆ ಹೇಳಲಿಲ್ಲ. ಊಟ ಮಾಡು ಎಂದೆ, ಬೇಡ ಎಂದ. ಬಹಳ ಹೊತ್ತು ಫೋನನ್ನು ಅಂಗೈಯಲ್ಲಿ ಹೊರಳಿಸುತ್ತ ಕುಳಿತಿದ್ದು ಕೇಳಿದ:

"ಇದನ್ನ ಎದರಾಗ ಇಟ್ರ ಉಳಿತದ, ತಂಗಿ?"

ಪಾಠ ಹೇಳುವವಳು ನಾನು. ಡಿವಿಡಿ, ಪೆನ್‌ಡ್ರೈವ್ ಎಂದು ಒಂದೊಂದಾಗಿ ಎಲ್ಲ ಹೆಸರುಗಳೂ ಬಾಯಿಗೆ ಬಂದವು. ಒಂದನ್ನೂ ಹೇಳುವ ಧೈರ್ಯವಾಗಲಿಲ್ಲ. ಈ ಪ್ರಶ್ನೆಗೆ ಉತ್ತರ ಗೊತ್ತಿದೆ ಎಂದುಕೊಂಡೇ ಅವರಿಬ್ಬರೂ ಒಂದು ಕಾಲದಲ್ಲಿ ಜಗಳ ಆಡಿದ್ದರಲ್ಲ.

"ಒಂದು ಸಲ ತೋರಿಸಣ್ಣ" ಎಂದೆ.

ಅವನು ಫೋನು ನನ್ನ ಕೈಗೆ ಕೊಟ್ಟು, ತಾನು ಬಾಗಿಲ ಕಡೆ ಮುಖ ಮಾಡಿ ಕುಳಿತ. ಅಷ್ಟೊಂದು ಮದುವೆ ತೆಗೆದ ಕೈ. ಚಿತ್ರ ಮೊದಲಿನಿಂದ ಕೊನೆಯವರೆಗೆ ಅಲುಗಾಡುತ್ತಿತ್ತು. ಹೂವಿನ ನಡುವೆ ವಿರುಪಾಕ್ಷಿಯ ಮುಖ ಒಮ್ಮೆ ಸ್ಪಷ್ಟವಾಗುತ್ತಿತ್ತು, ಒಮ್ಮೆ ಕಲೆಸಿಹೋಗುತ್ತಿತ್ತು. ಭಜನೆಯ ಸದ್ದು ಎಲ್ಲೋ ದೂರದಲ್ಲಿತ್ತು. ಹತ್ತಿರದಲ್ಲಿ, ಅದಕ್ಕಿಂತ ಜೋರಾಗಿ ಕೇಳುತ್ತಿದ್ದುದು ಫೋನು ಹಿಡಿದವನ ಉಸಿರು.